ಕ್ಷಮೆಗೆ ಒಂದು ಹೋರಿ

ಕೊಲ್ಲಿ ದೇಶದ ಸಲಾಲಾಕ್ಕೆ ಬಂದ ಹೊಸತರಲ್ಲಿ, ಬೆಟ್ಟದ ದಾರಿಯಲ್ಲಿ ಹಸುವೊಂದು ಒಣ ಬೂತಾಯಿ ಮೀನು ಜಗಿಯುವುದನ್ನು ಕಂಡು ಕಾರು ನಿಲ್ಲಿಸಿದ್ದೆ. ಮಂಗಳೂರಿನ ನಮ್ಮ ಮನೆಯಲ್ಲಿ ಹಸು ಬೈಹುಲ್ಲು ತಿನ್ನುತ್ತಿತ್ತು, ಮೀನು ನಾವು ತಿನ್ನುತ್ತಿದ್ದೆವು. ಇಲ್ಲಿ ಖರೀಫ್, ಅಂದರೆ ಜಿನುಗು ಮಳೆಯ ಕಾಲ, ಬಂದರೆ ಮಾತ್ರ ಬೆಟ್ಟ ಹಸಿರು. ಉಳಿದ ತಿಂಗಳುಗಳಲ್ಲಿ ದನಗಳನ್ನು ಬದುಕಿಸುವುದರಲ್ಲಿ ಕಡಲಿನದೂ ಪಾಲಿದೆ.

ಇದನ್ನು ಹೇಳಿಕೊಟ್ಟವನು ನಮ್ಮ ಮನೆ ಮಾಲೀಕ ಸಯೀದ್. ಬಂದರಿನಲ್ಲಿ ನೌಕರಿ, ಬೆಟ್ಟದಲ್ಲಿ ದನ. ಹಸು ಹಾಲಿಗೆ, ಹೋರಿ ಮಾಂಸಕ್ಕೆ. ಆ ಕಲ್ಲಿನ ಇಳಿಜಾರಿನಲ್ಲಿ ತೊಗರಿ ಬೆಳೆಯುವುದಿಲ್ಲ, ಹುಲ್ಲು ಬೆಳೆಯುತ್ತದೆ. ಹುಲ್ಲನ್ನು ಮನುಷ್ಯ ತಿನ್ನಲಾರ. ಇದನ್ನು ಅರಿಯಲು ಪದವಿ ಬೇಕಿಲ್ಲ. ಪದವಿಯಿದ್ದೂ ಅರಿಯದವನು ನಮ್ಮ ಕೆಳಮನೆಯ ಬಾಡಿಗೆದಾರ, ಬೆಂಗಳೂರಿನ ಎಂಜಿನಿಯರ್. ನಿಖಿಲ್ ಎಂದು ಹೆಸರು ಬದಲಿಸಿದ್ದೇನೆ.

ನಿಖಿಲ್ ವೀಗನ್. ಹಾಲು, ಮೊಸರು, ಜೇನು ಕೂಡ ಮುಟ್ಟುವುದಿಲ್ಲ. ಅದು ಅವನ ಬಾಯಿ, ಅವನ ಇಷ್ಟ. ಆದರೆ ಹಡಗಿನಲ್ಲಿ ಬಂದ ಸೋಯಾ ಹಾಲು ಕುಡಿದು, ವಿಮಾನದಲ್ಲಿ ಬಂದ ಬೆಣ್ಣೆಹಣ್ಣು ತಿಂದು, ಮನೆಯ ಹಿಂದಿನ ಬೆಟ್ಟದಲ್ಲಿ ಮೇಯುವ ದನ ಭೂಮಿಗೆ ಭಾರ ಎನ್ನುತ್ತಿದ್ದ.

"ಸರ್, ಮೀನು ತಿನ್ಸಿ ದನ ಸಾಕೋದು ಡಬಲ್ ಕ್ರೂಯಲ್ಟಿ."

"ಹಾಗಾದ್ರೆ ಸಯೀದ್ ಅಲ್ಲಿ ಎಂತ ಬೆಳೀಬೇಕು ಮಾರಾಯ್ರೆ?"

"ಆಲ್ಟರ್ನೇಟಿವ್ಸ್ ಇವೆ ಸರ್."

"ಒಂದು ಹೇಳಿ ನೋಡುವಾ."

"ನೆಟ್‌ನಲ್ಲಿ ನೋಡಿ, ತುಂಬಾ ಇದೆ."

ಪತ್ರಿಕೆಯ ಡೆಸ್ಕಿನಲ್ಲಿ ಕೆಲಸ ಮಾಡಿದವನು ನಾನು. ಎರಡೂ ಕಡೆ ಬರೆಯಬೇಕು. ಕೊಯ್ಯುವುದು ಕೊಯ್ಯುವುದೇ, ಅದರಲ್ಲಿ ಹಿಂಸೆ ಇದೆ. ಬೆಟ್ಟಕ್ಕೆ ದನ ಹೆಚ್ಚಾಗಿವೆ ಎಂಬ ಆಕ್ಷೇಪವೂ ಇದೆ, ಸಯೀದನೇ ಅದನ್ನು ಒಪ್ಪುತ್ತಾನೆ. ನಿಖಿಲನಿಗೆ ಅಷ್ಟು ಗೊತ್ತಿದ್ದರೆ ವಾದವಾದರೂ ಆಗುತ್ತಿತ್ತು. ಅವನಲ್ಲಿ ಇದ್ದದ್ದು ಫೋನು ಮಾತ್ರ.

ಒಂದು ದಿನ ಬೆಟ್ಟಕ್ಕೆ ಹೋಗಿ ಸಯೀದನ ದನಗಳ ವಿಡಿಯೊ ಮಾಡಿ, 'ಕ್ರೌರ್ಯ' ಎಂದು ಬರೆದು ಎಲ್ಲರಿಗೂ ಹಂಚಿದ. ಕರುಗಳಿಗೆ ಮೇವು ಹಾಕುತ್ತಿದ್ದ ಸಯೀದನ ತಂಗಿಯ ಮುಖ ಅದರಲ್ಲಿ ಸ್ಪಷ್ಟವಾಗಿತ್ತು. ಒಪ್ಪಿಗೆಯಿಲ್ಲದೆ ಒಬ್ಬರ ಚಿತ್ರ ತೆಗೆದು ಹಂಚುವುದು ಇಲ್ಲಿ ಅಪರಾಧ. ಹೆಂಗಸಿನದಾದರೆ ಇಡೀ ಮನೆತನದ ಮಾನದ ಮಾತು. ದೂರು ಹೋದರೆ ನಿಖಿಲನ ಕೆಲಸವೂ ಹೋಗುತ್ತಿತ್ತು, ವಾಸದ ಪರವಾನಗಿಯೂ.

"ಸರ್, ನಾನು ಹಸುಗಳನ್ನಷ್ಟೇ ನೋಡಿದ್ದು," ಎನ್ನುತ್ತ ವಿಡಿಯೊ ಅಳಿಸಿದ. ನಿಜವನ್ನೇ ಹೇಳಿದ. ಎದುರಿಗೇ ನಿಂತಿದ್ದ ಹೆಣ್ಣುಮಗಳು ಆ ಕರುಣಾಮಯಿಯ ಕಣ್ಣಿಗೆ ಬಿದ್ದಿರಲಿಲ್ಲ.

ಸಯೀದ್ ನನ್ನನ್ನು ಕರೆದು ಹಿಂದಿಯಲ್ಲಿ ಹೇಳಿದ: "ಪೊಲೀಸ್ ಬೇಡ. ನಮ್ಮ ಪದ್ಧತಿ ಇದೆ. ತಪ್ಪು ಮಾಡಿದವನು ಒಂದು ಹೋರಿ ತರಲಿ. ಹಿರಿಯರ ಮುಂದೆ ಕೊಯ್ಯೋಣ, ಒಟ್ಟಿಗೆ ಊಟ ಮಾಡೋಣ. ಖಲಾಸ್, ಅಲ್ಲಿಗೆ ಮುಗಿಯಿತು."

ನಿಖಿಲನಿಗೆ ತಿಳಿಸಿದೆ. "ಸರ್, ಖರ್ಜೂರ ಕೊಟ್ರೆ ಆಗಲ್ವಾ?"

ಸಯೀದ್ ನಕ್ಕ. "ಖರ್ಜೂರದಿಂದ ರಕ್ತ ಬರುತ್ತದಾ ಅಂತ ಕೇಳು."

ತತ್ತ್ವಕ್ಕಾಗಿ ಅವನು ಒಂದು ರಾತ್ರಿಯಾದರೂ ಒದ್ದಾಡುತ್ತಾನೆ ಎಂದುಕೊಂಡಿದ್ದೆ. ಸಂಜೆಯೊಳಗೆ ನಾವು ದನದ ಸಂತೆಯಲ್ಲಿದ್ದೆವು. ಕೆಲಸ ಅಲುಗಿದೊಡನೆ ಸಿದ್ಧಾಂತವೂ ಅಲುಗಿತ್ತು. ಹೋರಿಯ ಮುಖವನ್ನೂ ನೋಡದೆ, "ಇದೇ ಇರ್ಲಿ ಸರ್, ಬೇಗ ಮುಗಿಸೋಣ," ಎಂದ. ತಾನು ಕೊಯ್ಯುವ ಪ್ರತಿ ಹೋರಿಯ ತಾಯಿ ಯಾವುದೆಂದು ಸಯೀದನಿಗೆ ಗೊತ್ತಿರುತ್ತದೆ. ಇವನು ಅದರ ಬಣ್ಣವನ್ನೂ ಗಮನಿಸಲಿಲ್ಲ.

ಹಿರಿಯರ ಮುಂದೆ ನಿಖಿಲ್ ಕ್ಷಮೆ ಕೇಳಿದ. ಸಯೀದನ ದೊಡ್ಡಪ್ಪ ಅವನ ಕೈಹಿಡಿದು ಕೂರಿಸಿಕೊಂಡರು. ಅನ್ನದ ಮೇಲೆ ಮಾಂಸ ಸುರಿದ ದೊಡ್ಡ ಹರಿವಾಣ ಬಂತು. ಹಿಂದೆಯೇ ಒಂದು ಸಣ್ಣ ಪಾತ್ರೆ.

"ಇದು ನಿನಗೆ," ಎಂದ ಸಯೀದ್. "ಬರೀ ತರಕಾರಿ. ತುಪ್ಪವೂ ಇಲ್ಲ. ತಂಗಿ ಬೇರೆಯಾಗಿ ಮಾಡಿದ್ದಾಳೆ."

ನಿಖಿಲ್ ತಲೆ ತಗ್ಗಿಸಿ ತಿಂದ. ದೊಡ್ಡಪ್ಪ ಒಳ್ಳೆಯ ತುಂಡೊಂದನ್ನು ಆರಿಸಿ ನನ್ನ ಮುಂದಿಟ್ಟರು. ಅಲ್ಲಿಯವರೆಗೆ ನಾನು ದನದ ಮಾಂಸ ತಿಂದವನಲ್ಲ. ಬೇಡವೆಂದಿದ್ದರೆ ಯಾರೂ ಬಲವಂತ ಮಾಡುತ್ತಿರಲಿಲ್ಲ, ನನಗೂ ಬೇರೆ ಪಾತ್ರೆ ಬರುತ್ತಿತ್ತು. ಆದರೆ ಇಷ್ಟು ದಿನ ಯಾರ ಪರ ವಾದಿಸಿದ್ದೆನೋ ಅವರ ಅನ್ನದ ಮುಂದೆ ಕೈ ಹಿಂದೆಗೆಯಲು ಮನಸ್ಸಾಗಲಿಲ್ಲ. ತಿಂದೆ.

ಮರಳುವಾಗ ನಿಖಿಲ್ ಬೇಡಿಕೊಂಡ: "ಸರ್, ಹೋರಿ ವಿಷ್ಯ ಯಾರಿಗೂ ಹೇಳ್ಬೇಡಿ. ನೀವು ತಿಂದದ್ದು ನಾನೂ ಹೇಳಲ್ಲ."

ಆ ವ್ಯಾಪಾರ ನನಗೆ ಬೇಕಿರಲಿಲ್ಲ, ಬರೆದಿದ್ದೇನೆ. ಅಮ್ಮ ಇದನ್ನು ಓದುತ್ತಾಳೆ. ಮುಂದಿನ ರಜೆಯಲ್ಲಿ ಮನೆಯಲ್ಲಿ ನನಗೂ ಬೇರೆ ತಟ್ಟೆ ಇಡಬಹುದು. ಅದು ಸಯೀದನ ಮನೆಯಲ್ಲಿ ನಿಖಿಲನಿಗೆ ಇಟ್ಟ ಹಾಗೆ ಇರುವುದಿಲ್ಲ.