ತಡವಾದ ಗಾಡಿಯ ಗೆರೆ

ಅವರ ಬಲಗೈ ಹೆಬ್ಬೆರಳಿನ ಉಗುರು ಒಂದು ಅಂಚಿನಲ್ಲಿ ಕೆಂಪು, ಇನ್ನೊಂದು ಅಂಚಿನಲ್ಲಿ ನೀಲಿ. ಒಂದು ತುದಿ ಕೆಂಪು, ಒಂದು ತುದಿ ನೀಲಿ ಇದ್ದ ಪೆನ್ಸಿಲ್ಲನ್ನು ಬೆರಳುಗಳ ನಡುವೆ ಸದಾ ತಿರುಗಿಸುತ್ತಲೇ ಇರುತ್ತಿದ್ದರು. ಸ್ನಾನ ಮಾಡಿ ಬಂದರೂ ಆ ಬಣ್ಣ ಬಿಡುತ್ತಿರಲಿಲ್ಲ. ಅವರು ಹೋಟಗಿಯ ಸ್ಟೇಶನ್ ಮಾಸ್ತರರು. ನಮ್ಮ ಹೊಲ ರೈಲು ಹಳಿಗೆ ಹತ್ತಿಕೊಂಡೇ ಇತ್ತು. ಹೀಗಾಗಿ ನನಗೆ ಅವರು ಚಿಕ್ಕಂದಿನಿಂದ ಮಾಸ್ತರ ಮಾಮಾ.

ದಿನಾ ಬೆಳಿಗ್ಗೆ ಅಕ್ಕಲಕೋಟದ ಕಡೆಯಿಂದ ಬರುವ ಪ್ಯಾಸೆಂಜರ್ ಹತ್ತಿ ನಾನು ಸೊಲ್ಲಾಪುರದ ಕಾನ್ವೆಂಟಿಗೆ ಹೋಗುತ್ತಿದ್ದೆ. ಗಾಡಿ ಬರುವವರೆಗೆ ಮಾಮಾ ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ಅಡ್ಡಾಡುವರು. ಗಡಿಯಾರದ ಮುಚ್ಚಳ ತೆಗೆದು ನೋಡಿ ಮುಚ್ಚುವರು, ನಾಲ್ಕು ಹೆಜ್ಜೆ ಹಾಕಿ ಮತ್ತೆ ತೆಗೆಯುವರು. ಅವರ ಚಹಾ ಕಿಟಕಿಯ ಕಟ್ಟೆಯ ಮೇಲೆ ಕೆನೆಗಟ್ಟಿ ಆರುತ್ತಿತ್ತು. ಎಲ್ಲದಕ್ಕೂ ಒಂದೇ ಪ್ರಶ್ನೆ: "ಎಲ್ಲೈತಿ ಈಗ?" ಊಟ ತಡವಾದರೂ ಅದನ್ನೇ ಕೇಳುವರು. ಮಾಮಿ ಒಲೆಯ ಮುಂದಿನಿಂದಲೇ, "ರೊಟ್ಟಿ ಹಂಚು ಬಿಟ್ಟೈತ್ರಿ, ಲೈನ್ ಕ್ಲಿಯರ್ ಕೊಡ್ರಿ" ಎಂದು ಚೇಷ್ಟೆ ಮಾಡುತ್ತಿದ್ದರು.

ನನಗೆ ಹದಿನಾಲ್ಕು ತುಂಬಿದ ವರ್ಷ ಸಾಲೆಯಲ್ಲಿ ಗ್ರಾಫ್ ಬಂತು. ಸಿಸ್ಟರ್ ಹಲಗೆಯ ಮೇಲೆ ಎಕ್ಸ್‌ನ ವರ್ಗದ ಗೆರೆ ಬರೆದರು. ಬೋಗುಣಿಯ ಹಾಗೆ ಬಾಗಿದ ಗೆರೆ. "ಇದು ತಾಯಿ. ಉಳಿದವೆಲ್ಲ ಇದರ ಮಕ್ಕಳು. ಪ್ರತಿ ಸಲ ಹೊಸದಾಗಿ ಚುಕ್ಕೆ ಇಡಬೇಡಿ. ಇದನ್ನೇ ಸರಿಸಿ, ಮಗುಚಿ, ಜಗ್ಗಿ" ಎಂದರು. ವರ್ಗ ಮಾಡಿದ ಮೇಲೆ ಎರಡು ಕೂಡಿಸಿದರೆ ಬೋಗುಣಿ ಎರಡು ಮನೆ ಮೇಲೇರುತ್ತದೆ, ಅದು ಸರಿ. ಆದರೆ ಎಕ್ಸ್‌ನಲ್ಲಿ ಮೊದಲೇ ಮೂರು ಕಳೆದು ವರ್ಗ ಮಾಡಿದರೆ? ಕಳೆದ ಮೇಲೆ ಎಡಕ್ಕೇ ಹೋಗಬೇಕಲ್ಲ! ನಾನು ಎಡಕ್ಕೆ ಸರಿಸುತ್ತಿದ್ದೆ, ಸಿಸ್ಟರ್ ಅಡ್ಡಗೀಟು ಎಳೆಯುತ್ತಿದ್ದರು. ಬಲಕ್ಕೆ ಎಂದು ಬಾಯಿಪಾಠ ಮಾಡಿದರೂ ಕೈ ಎಡಕ್ಕೇ ಹೋಗುತ್ತಿತ್ತು. ಆರು ತಿಂಗಳಿಗೆ ಬರುವ ಸಹಾಮಾಹಿ ಪರೀಕ್ಷೆಯಲ್ಲಿ ಗಣಿತ ನಪಾಸಾಯಿತು.

ಅಪ್ಪ ಬೈಯಲಿಲ್ಲ. ರುಮಾಲು ಬಿಚ್ಚಿ ಗೂಟಕ್ಕೆ ಹಾಕುತ್ತ ಹೇಳಿದರು: "ಅಕ್ಕಲಕೋಟದವ್ರು ಎರಡ ಸಲ ಹೆಣ್ಣ ಕೇಳಿ ಕಳಿಸ್ಯಾರ. ವಾರ್ಷಿಕದಾಗ ಗಣಿತ ಪಾಸಾದಿ, ಮುಂದ ಓದು. ಇಲ್ಲಂದ್ರ ನಾ ಹೂಂ ಅಂತೀನಿ." ಅಂದಿನಿಂದ ಕೂತಲ್ಲಿ ಕೂರಲಾಗದೆ, ಜಡೆಯ ತುದಿಯನ್ನು ಹಲ್ಲಲ್ಲಿ ಕಚ್ಚಿ ಕಚ್ಚಿ ಕತ್ತದ ಹಗ್ಗದ ಹಾಗೆ ಮಾಡಿಕೊಂಡಿದ್ದೆ.

ಒಂದು ಬೆಳಿಗ್ಗೆ ಪ್ಯಾಸೆಂಜರ್ ತಡವಾಗಿತ್ತು. ಬೆಂಚಿನ ಮೇಲೆ ಕೂತು ಗೆರೆ ಅಳಿಸುತ್ತಿದ್ದೆ. ಮಾಮಾ ಬಗ್ಗಿ ನೋಡಿದರು.

"ಏನ ತಿಕ್ಕಾಕತ್ತಿ ಪೋರಿ? ಕಾಗದ ಹರದು ಬೆಂಚ ಕಾಣಾಕತ್ತೈತಲ್ಲ!"

ಎಡಬಲದ ಗೋಳು, ಅಪ್ಪನ ಮಾತು, ಅಕ್ಕಲಕೋಟ, ಎಲ್ಲವನ್ನೂ ಅಳುತ್ತಲೇ ಹೇಳಿದೆ. ಅವರು ನನ್ನನ್ನು ಕೋಣೆಗೆ ಕರೆದೊಯ್ದರು. ಗೋಡೆಯ ಮೇಲೆ ದೊಡ್ಡದೊಂದು ಚೌಕಳಿ ಕಾಗದ. ಅಡ್ಡಕ್ಕೆ ಗಂಟೆಗಳು; ಉದ್ದಕ್ಕೆ ಊರುಗಳು, ಕೆಳಗೆ ಸೊಲ್ಲಾಪುರ, ನಡುವೆ ಹೋಟಗಿ, ಮೇಲೆ ಅಕ್ಕಲಕೋಟ ರೋಡ್. ಒಂದೊಂದು ಗಾಡಿಗೆ ಒಂದೊಂದು ಓರೆ ಗೆರೆ, ನಿಲ್ಲುವಲ್ಲಿ ಸಣ್ಣ ಮೆಟ್ಟಿಲು. ಯಾರೂ ಹೇಳದಿದ್ದರೂ ತಮ್ಮ ಸಮಾಧಾನಕ್ಕೆ ಬರೆದುಕೊಂಡದ್ದು. ಪ್ಯಾಸೆಂಜರಿನ ಗೆರೆಯ ಆಕಾರಕ್ಕೇ ಕತ್ತರಿಸಿದ ಒಂದು ರಟ್ಟನ್ನು ಅದರ ಮೇಲಿಟ್ಟರು.

"ಇದು ನಿನ್ನ ಗಾಡಿ, ಟೈಮಿಗೆ ಬಂದಿದ್ರ. ಇವತ್ತ ಇಪ್ಪತ್ತು ಮಿನಿಟು ಲೇಟ್. ಎತ್ತಾಗ ಸರಸ್ಲಿ?"

"ಬಲಕ್ಕ."

"ಎಂಟು ಇಪ್ಪತ್ತಕ್ಕ ಎಲ್ಲಿರ್ತೈತಿ?"

"ಎಂಟಕ್ಕ ಎಲ್ಲಿರಬೇಕಿತ್ತೋ ಅಲ್ಲೇ."

"ಅಂದ್ರ ಗಡಿಯಾರದಾಗ ಏನ ಮಾಡಿದಿ?"

"ಇಪ್ಪತ್ತು ಕಳದೆ, ಮಾಮಾ."

"ಕಳದಿ. ಗೆರಿ ಎತ್ತಾಗ ಹೋತು?"

ರಟ್ಟಿನ ಮೇಲೆ ಬೆರಳಿಟ್ಟು ಬಲಕ್ಕೆ ತೋರಿಸಿದೆ.

"ನಿನ್ನ ಬೋಗುಣಿ ಮೂರು ಮನಿ ಲೇಟ್ ಆಗೈತಿ, ಇಷ್ಟ. ಅದಕ್ಕ್ಯಾಕ ಅಳ್ತಿ?"

ರಟ್ಟನ್ನು ಮೇಲೆ ಕೆಳಗೆ ಮಗುಚಿದರು. ಸಂಜೆ ಮರಳುವ ಗಾಡಿಯಾಯಿತು. ಮಾಲಗಾಡಿಗೆ ಮಾತ್ರ ರಟ್ಟು ಸಾಲದು: "ಊರು ಅವs, ಹೊತ್ತು ಎರಡರಷ್ಟು. ಗೆರೀನ ಜಗ್ಗಿ ಅಗಲ ಮಾಡಬೇಕು. ಗಡಿಯಾರ ಅರ್ಧ ಮಾಡಿ ನೋಡು, ಪ್ಯಾಸೆಂಜರ್ ಸಿಗ್ತೈತಿ." ಪೆನ್ಸಿಲ್ಲು ತಿರುಗುವುದು ಅಲ್ಲಿಗೆ ನಿಂತಿತು. ಕಿಟಕಿಯ ಕಡೆ ನೋಡುತ್ತ ಮೆಲ್ಲಗೆ ಅಂದರು: "ನಾನೂ ಒಮ್ಮೆ ಎಡಕ್ಕ ಸರಿಸಿದ್ದೆ."

ಹಿಂದೆ ದೂರದ ಒಂದು ರೈಲ್ವೆ ಕಚೇರಿಯಲ್ಲಿ ಅವರಿಗೆ ಈ ಗೆರೆ ಎಳೆಯುವುದೇ ನೌಕರಿ. ಯಾವ ಗಾಡಿಯನ್ನು ಎಲ್ಲಿ ತಡೆಯಬೇಕೆಂದು ಅವರ ಗೆರೆ ನೋಡಿ ಮೇಲಿನವರು ಹೇಳುತ್ತಿದ್ದರಂತೆ. ಒಂದು ಗಾಡಿ ಇಪ್ಪತ್ತು ಮಿನಿಟು ತಡವೆಂದು ತಾರು ಬಂತು. ಅವಸರದಲ್ಲಿ ಇಪ್ಪತ್ತು ಕಳೆದು ಎಡಕ್ಕೆ ಎಳೆದುಬಿಟ್ಟರು. ಆ ಗಾಡಿ ಆಗಲೇ ದಾಟಿದೆಯೆಂದು ಎದುರಿನದನ್ನು ಬಿಟ್ಟರು; ಒಂದೇ ಹಳಿಯ ಮೇಲೆ ಎರಡು ಗಾಡಿ ಎದುರುಬದುರಾದವು. ಬಯಲು ಸೀಮೆ, ಹಗಲು. ಡ್ರೈವರುಗಳು ದೂರದಿಂದಲೇ ಕಂಡು ನಿಲ್ಲಿಸಿದರು.

"ಯಾರೂ ಸಾಯಲಿಲ್ಲ ಪೋರಿ. ನೌಕರಿ ಕಳೀಲಿಲ್ಲ, ನನ್ನ ಇಲ್ಲಿಗೆ ಹಾಕಿದ್ರು. ಆದ್ರ ಅವತ್ತಿಂದ ಕುಂದ್ರಾಕ ಆಗವಲ್ದು ನೋಡು."

ಮುಂದಿನ ಎರಡು ತಿಂಗಳು, ಗಾಡಿ ಬರುವವರೆಗೆ, ಅವರು ಅಡ್ಡಾಡುತ್ತಲೇ ಲೆಕ್ಕ ಕೇಳುವರು, ನಾನು ಪಾಟಿ ಹಿಡಿದು ಅವರ ಹಿಂದೆಯೇ ನಡೆಯುತ್ತ ಬರೆಯುತ್ತಿದ್ದೆ. ವಾರ್ಷಿಕ ಪರೀಕ್ಷೆಯಲ್ಲಿ ನನ್ನ ಬೋಗುಣಿಗಳೆಲ್ಲ ತಮ್ಮ ಜಾಗಕ್ಕೆ ಹೋಗಿ ಕೂತವು. ಅಂಕಗಳ ನಿಕಾಲಿ ಚೀಟಿ ಹಿಡಿದು ಗಾಡಿಯಿಂದ ಇಳಿದವಳೇ ಕೂಗಿದೆ, "ಮಾಮಾ, ಐವತ್ಮೂರು!"

"ಬಾಕಿ ನಲವತ್ತೇಳು ಎಲ್ಲದಾವ ಈಗ?" ಎಂದರು. ಮಾಮಿ ಮಾತ್ರ ಬಾಯಿಗೆ ಬೆಲ್ಲ ಹಾಕಿದರು.

ಅಪ್ಪ ಮಾತಿಗೆ ತಪ್ಪಲಿಲ್ಲ. ಇನ್ನೂ ಮೂರು ವರ್ಷ ಓದಿದೆ, ಮ್ಯಾಟ್ರಿಕ್ ಮುಗಿಸಿದೆ. ಆ ಮೇಲೆ ಅಕ್ಕಲಕೋಟದ ಸೊಸೆಯಾದೆ, ಆದರೆ ಬೇರೆ ಮನೆಗೆ. ಓದಿದ ಹುಡುಗಿಯೇ ಬೇಕೆಂದ ಮನೆಗೆ.

ಮಾಮಾ ತೀರಿಕೊಂಡ ಸುದ್ದಿಯನ್ನು ಅಪ್ಪ ನನ್ನ ಗಂಡನ ಮನೆಗೆ ತಂದರು. ನಾನು ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದೆ. ಅಪ್ಪ ಪಕ್ಕದಲ್ಲಿ ಕೂತು ಜೋಳದಲ್ಲಿ ಬೆರಳಾಡಿಸುತ್ತ ಹೇಳಿದರು.

"ನಿನಗೊಂದು ಹೇಳಿಲ್ಲ. ನಿನ್ನ ಪರೀಕ್ಷಾಕ್ಕಿಂತ ಮೊದಲ ಅಂವ ಹೊಲಕ್ಕ ಬಂದಿದ್ದ. ನಿಂತಲ್ಲೇ, 'ಪೋರಿ ನಪಾಸಾದ್ರೂ ಇನ್ನೊಂದ ವರ್ಷ ಕೊಡ್ರಿ, ಪಾಟೀಲ್ರ. ತಪ್ಪು ಮಾಡಿದ ನನಗ ಹೊರಗಿನವ್ರು ಇನ್ನೊಂದ ಅವಕಾಶ ಕೊಟ್ರು, ನಿಮ್ಮ ಮಗಳಿಗೆ ನೀವು ಕೊಡೂದಿಲ್ಲೇನ್ರಿ?' ಅಂದ. ನಾ ಹೂಂ ಅಂದೆ."

"ನನಗ್ಯಾಕ ಹೇಳಲಿಲ್ಲಪ್ಪಾ?"

"ಅಂವನs ಬ್ಯಾಡಂದ. 'ತಾನs ಗೆದ್ದೀನಿ ಅಂತ ಇರಲಿ' ಅಂದ."

ಅಪ್ಪ ಹೋದ ಮೇಲೆ ಹಿತ್ತಿಲು, ನಡುಮನೆ, ಅಡುಗೆಮನೆ ಎಂದು ಸುಮ್ಮನೆ ತಿರುಗಾಡಿದೆ. ಯಾವ ಕೆಲಸವೂ ಕೈಗೆ ಹತ್ತಲಿಲ್ಲ. ಕಡೆಗೆ ಮಾಮಿಗೆ ಕಾಗದ ಬರೆಯಲು ಕೂತೆ. ಅವರಿಗೆ ಓದು ಬಾರದು, ಬೇರೆ ಯಾರೋ ಓದಿ ಹೇಳಬೇಕು. ಮೂರನೆಯವರ ಬಾಯಿಂದ ಕೇಳಬಹುದಾದಷ್ಟೇ ಬರೆದೆ: "ನನ್ನ ಸಾಲೆಗೆಂದು ಮಾಮಾ ಅಪ್ಪನ ಹತ್ತಿರ ಇನ್ನೊಂದು ವರ್ಷ ಬೇಡಿ ಇಟ್ಟಿದ್ದರಂತೆ, ಮಾಮಿ. ನನಗೆ ಇವತ್ತು ಗೊತ್ತಾಯಿತು."