ಅಂಗಾಲಿಗೊಂದು ಕನ್ನಡಿ

ಇವತ್ತು ಬೆಳಿಗ್ಗೆ ಕಿಟಕಿಯ ಸರಳಿಗೆ ತೂಗುಹಾಕಿದ್ದ ಕನ್ನಡಿ ಅಲ್ಲಿರಲಿಲ್ಲ. ಅಂಗೈಯಗಲದ, ಕೆಂಪು ಪ್ಲಾಸ್ಟಿಕ್ ಕಟ್ಟಿನ ಕನ್ನಡಿ ಅದು. ಒಂದು ಕಾಲಕ್ಕೆ ನಮ್ಮ ಮಾವನವರು ಅದರಲ್ಲಿ ನೋಡಿಕೊಂಡು ಗಡ್ಡ ಹೆರೆಯುತ್ತಿದ್ದರು. ನಾನು ಅದರಲ್ಲಿ ಮುಖ ನೋಡಿಕೊಳ್ಳುವುದು ಕಡಿಮೆ. ನನಗೆ ಅದು ಬೇಕಾಗುವುದು ಅಂಗಾಲು ನೋಡಿಕೊಳ್ಳಲಿಕ್ಕೆ. ನೀವು ಎದ್ದ ಕೂಡಲೇ ಕಾಫಿಯನ್ನೋ ಫೋನನ್ನೋ ಹುಡುಕುತ್ತೀರಿ. ನಾನು ನನ್ನ ಕಾಲುಗಳನ್ನು ಹುಡುಕುತ್ತೇನೆ. ಹೊದಿಕೆಯ ಕೆಳಗೆ ಅವು ಇರುವುದಂತೂ ನಿಜ, ಆದರೆ ಮಡಚಿಕೊಂಡಿವೆಯೋ, ಒಂದರ ಮೇಲೊಂದು ಬಿದ್ದಿವೆಯೋ ಎಂಬುದು ಕಣ್ಣಾರೆ ನೋಡುವ ತನಕ ನನಗೆ ತಿಳಿಯದು. ಸೊಂಟದಿಂದ ಕೆಳಗಿನ ಸುದ್ದಿ ನನಗೆ ಬರುವುದು ನಿಂತು ವರ್ಷಗಳಾದವು.

ಇದಕ್ಕೆಲ್ಲ ಹುಣಸೆಹಣ್ಣು ಕಾರಣ ಎಂದರೆ ನಗಬೇಡಿ. ಸಾಸಲು ಎಂಬ ಊರಿನ ಹತ್ತಿರ ನಮ್ಮ ಮನೆ. ತಾರಸಿಯ ಮೇಲೆ ಹುಣಸೆಹಣ್ಣು ಒಣಹಾಕಿದ್ದೆವು. ಮೋಡ ಕವಿಯಿತು, ನಾನು ಸೀರೆ ಎತ್ತಿ ಸಿಕ್ಕಿಸಿಕೊಂಡು ಏಣಿ ಹತ್ತಿದೆ, ಹಣ್ಣಿನ ಮೊರ ಹಿಡಿದು ಇಳಿಯುವಾಗ ಬಿದ್ದೆ. ಬೆನ್ನುಹುರಿಗೆ ಪೆಟ್ಟಾಯಿತು. ಮಳೆ ಮಾತ್ರ ಆ ದಿನ ಬರಲೇ ಇಲ್ಲ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ನಾನು ಏಣಿಯ ಓರೆಯನ್ನು ಹೇಗೆ ಲೆಕ್ಕ ಹಾಕಬೇಕೆಂದು ಅದೆಷ್ಟು ಮಕ್ಕಳಿಗೆ ಪಾಠ ಮಾಡಿದ್ದೆನೋ!

ಆಸ್ಪತ್ರೆಯಲ್ಲಿ ಸ್ಕ್ಯಾನಿಂಗಿಗೆ ಮೊದಲು ನನ್ನ ಕಾಲುಂಗುರ ಬಿಚ್ಚಿ ಕೊಟ್ಟಿದ್ದರು. ನಮ್ಮತ್ತೆ ಅವನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು, ನಾನು ಮನೆಗೆ ಬರುವ ದಿನವನ್ನೇ ಕಾಯುತ್ತಿದ್ದರು. ಅತ್ತೆ ಜಡಿಗೇನಹಳ್ಳಿ ಕಡೆಯವರು. ಮಾತಿನಲ್ಲಿ ಒರಟು, ಪದ್ಧತಿಯಲ್ಲಿ ಬಲು ಕಟ್ಟುನಿಟ್ಟು. ಗಾಲಿಕುರ್ಚಿ ಬಾಗಿಲಿಗೆ ಬಂದಾಗ ಆರತಿ ತಟ್ಟೆ ಹಿಡಿದವರನ್ನು ತಡೆದರು.

"ತಡೀರಿ, ಮುತ್ತೈದೆ ಬರಿಗಾಲ್ಬೆರಳಲ್ಲಿ ಒಳಕ್ ಬರಬಾರ್ದು."

ಹೊಸ್ತಿಲ ಬಳಿ ಕೂತು ಎರಡೂ ಕಾಲಿಗೆ ಉಂಗುರ ತೊಡಿಸಿದರು. ಕಾಲು ಬಡಕಲಾಗಿತ್ತು, ಉಂಗುರ ಜಾರುತ್ತಿತ್ತು. ಬಿದ್ದುಹೋದರೆ ಅಪಶಕುನ ಎಂದು ಬೆಳ್ಳಿಯನ್ನು ಅದುಮಿ ಬಿಗಿ ಮಾಡುತ್ತ ಕೇಳಿದರು.

"ಬಿಗಿ ಆಯ್ತೇನಮ್ಮ?"

"ಇಲ್ಲ ಅತ್ತೆ."

"ಇನ್ನೊಂಚೂರು ಒತ್ಲಾ?"

"ಒತ್ತಿ."

ಕೇಳಿದವರು ಅಕ್ಕರೆಯಿಂದ ಕೇಳಿದ್ದರು, ಹೇಳಿದವಳು ಇದ್ದದ್ದನ್ನೇ ಹೇಳಿದ್ದಳು. ಆ ಕಾಲಿನ ವಿಚಾರವನ್ನು ನನ್ನನ್ನು ಕೇಳಿ ಉಪಯೋಗವಿಲ್ಲ ಎಂಬುದು ಬಾಗಿಲಲ್ಲಿ ನೆರೆದಿದ್ದ ಅಷ್ಟೂ ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಆರತಿಯಾಯಿತು, ಎಲ್ಲರೂ ಕಣ್ಣೊರೆಸಿಕೊಂಡರು.

ಚಳಿಗಾಲ. ಕಾಲಿಗೆ ಉಲ್ಲನ್ ಚೀಲ ಹಾಕಿ ಬೆಚ್ಚಗಿಟ್ಟಿದ್ದರು. ದಿನವೆಲ್ಲ ಕೂತು ಕೂತು ಪಾದ ಊದಿಕೊಂಡಿತ್ತು, ಅದೂ ಗೊತ್ತಾಗಲಿಲ್ಲ. ಒಂದು ಬೆಳಿಗ್ಗೆ ಅತ್ತೆ ಚೀಲ ಎಳೆದವರು ಹಾಗೇ ನಿಂತುಬಿಟ್ಟರು. ಆಮೇಲೆ ವಾಸನೆ ಬಂತು. ಬಲಗಾಲಿನ ಉಂಗುರದ ಬೆರಳು ಕಪ್ಪಿಟ್ಟಿತ್ತು, ಬೆಳ್ಳಿ ಮಾಂಸದೊಳಗೆ ಇಳಿದಿತ್ತು. ಆ ಹೊತ್ತಿನಲ್ಲಿ ನಾನು ಏನು ಮಾಡುತ್ತಿದ್ದೆ ಗೊತ್ತೇ? ಉಪ್ಪಿಟ್ಟು ಹದವಾಗಿದೆ ಎಂದು ಹೊಗಳುತ್ತ ತಿನ್ನುತ್ತಿದ್ದೆ. ನನ್ನದೇ ಬೆರಳು ಸಾಯುತ್ತಿತ್ತು, ನಾನು ಇನ್ನೊಂದು ಚಮಚ ಹಾಕಿ ಎನ್ನುತ್ತಿದ್ದೆ. ಈಗಲೂ ನೆನೆದರೆ ಮೈ ಜುಮ್ಮೆನ್ನುತ್ತದೆ, ಜುಮ್ಮೆನ್ನಲು ಬರುವಷ್ಟು ಮೈ.

ದೊಡ್ಡಬಳ್ಳಾಪುರದ ಡಾಕ್ಟರು ನೋಡಿ, "ಬೆರಳು ಉಳಿಯುತ್ತೆ ಅಂತ ಈಗ್ಲೇ ಹೇಳಕ್ಕಾಗಲ್ಲ. ಕಪ್ಪು ಮೇಲಕ್ಕೆ ಹತ್ತಿದ್ರೆ ತೆಗೀಬೇಕಾಗುತ್ತೆ" ಎಂದರು. ಮೊದಲು ಉಂಗುರ ಕತ್ತರಿಸಬೇಕಿತ್ತು. ನರ್ಸಮ್ಮ ಕಟ್ಟರ್ ಹಿಡಿದು ನಮ್ಮ ಯಜಮಾನರ ಮುಖ ನೋಡಿದರು. ಗಂಡ ಎದುರಿಗೇ ನಿಂತಿರುವಾಗ ಹೆಂಡತಿಯ ಕಾಲುಂಗುರಕ್ಕೆ ಕತ್ತರಿ ಹಾಕುವುದು ಹೇಗೆ ಎಂಬ ಸಂಕೋಚ. ಇವರು ದಾಬಸ್‌ಪೇಟೆಯಿಂದ ರಾತ್ರಿ ಪಾಳಿ ಮುಗಿಸಿ ನೇರ ಬಂದಿದ್ದರು, ತಮ್ಮ ತಾಯಿಯ ಮುಖ ನೋಡಿದರು.

"ಅವನ್ನ ಏನ್ ಕೇಳ್ತೀಯವ್ವ?" ಎಂದರು ಅತ್ತೆ. "ಹಾಕಿದ್ದು ನಾನು, ತೆಗಿ ಅಂತಿರೋಳೂ ನಾನೇ. ಆ ಕಾಲಿಂದೂ ತೆಗೆದ್ಬಿಡು."

ಮನೆಗೆ ಬಂದು ಆ ಎರಡು ಬೆಳ್ಳಿ ತುಂಡುಗಳನ್ನು ಅರಿಸಿನದ ದಾರದಲ್ಲಿ ಪೋಣಿಸಿ ನನ್ನ ತಾಳಿಯ ಜೊತೆಗೆ ಕಟ್ಟಿದರು. "ಕಾಲಲ್ಲಿದ್ರೇನು, ಕತ್ತಲ್ಲಿದ್ರೇನು. ಇದ್ರೆ ಸರಿ" ಎಂದರು. ಯಾವ ಪುರೋಹಿತರನ್ನೂ ಕೇಳಲಿಲ್ಲ. ಅಷ್ಟು ಕಟ್ಟುನಿಟ್ಟಿನ ಹೆಂಗಸು ನಿಂತ ನಿಲುವಿನಲ್ಲೇ ಹೊಸ ಪದ್ಧತಿಯೊಂದನ್ನು ಮಾಡಿ ಮುಗಿಸಿದ್ದನ್ನು ನಾನು ಬಾಯಿಬಿಟ್ಟುಕೊಂಡು ನೋಡಿದೆ.

ಮರುದಿನದಿಂದ ಬೆಳಗಿನ ಕೆಲಸ ಅವರದಾಯಿತು. ನನ್ನ ಕಾಲನ್ನು ತಮ್ಮ ಮಡಿಲಲ್ಲಿಟ್ಟುಕೊಂಡು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯುವುದು. ಹಳೇ ಪಂಚೆಯ ತುಂಡಿನಿಂದ ಬೆರಳಸಂದಿಗಳನ್ನು ಒಂದೊಂದಾಗಿ ಒರೆಸುವುದು. ಗಾಯಕ್ಕೆ ನರ್ಸಮ್ಮ ಹೇಳಿಕೊಟ್ಟಂತೆ ಬಟ್ಟೆ ಕಟ್ಟುವುದು. ಆಮೇಲೆ ಮಾವನವರ ಕನ್ನಡಿಯನ್ನು ಅಂಗಾಲಿಗೆ ಹಿಡಿದು ನನಗೂ ತೋರಿಸುವುದು. ನನಗೋ ನಾಚಿಕೆ. ಸೊಸೆ ಅತ್ತೆಯ ಕಾಲಿಗೆ ಬೀಳುವುದುಂಟು, ಅತ್ತೆ ಸೊಸೆಯ ಕಾಲು ಹಿಡಿಯುವುದುಂಟೇ?

"ನನ್ನ ಕಾಲು ಮುಟ್ಬೇಡಿ ಅತ್ತೆ, ಪಾಪ ಬರುತ್ತೆ."

"ಬಂದ್ರೆ ನನಗ್ ಬರ್ತದೆ ಬಿಡು. ನೀನು ಅಲ್ಲಾಡ್ಬೇಡ."

ಅಲ್ಲಾಡಲಾರದ ಕಾಲಿಗೆ ಅಲ್ಲಾಡಬೇಡ ಎಂದರಲ್ಲ ಎಂದು ನಾನು ನಗುವಷ್ಟರಲ್ಲಿ, ಆಗಾಗ ಬರುವ ಸೆಳೆತ ಬಂದು ಕಾಲು ತಾನಾಗಿ ಝಾಡಿಸಿ ನೀರಿನ ಬೇಸನ್ ಮಗುಚಿತು. ಅತ್ತೆಯ ಸೀರೆಯೆಲ್ಲ ತೊಯ್ದುಹೋಯಿತು. "ನೋಡ್ದಾ, ಹೇಳಿದ್ ಮಾತ್ ಕೇಳಲ್ಲ, ನಿನ್ನಂಗೇ" ಎಂದು ಕಾಲನ್ನು ಬೈದರು. ನನ್ನನ್ನಲ್ಲ, ಕಾಲನ್ನೇ.

ಬಟ್ಟೆ ತೊಡಿಸುವುದು ಇನ್ನೊಂದು ಸಾಹಸ. ಗಂಜಿ ಹಾಕಿದ ಕಾಟನ್ ಸೀರೆ, ಎಣಿಸಿಟ್ಟಂಥ ನೆರಿಗೆ, ಶಾಲೆಯಲ್ಲಿ ನನ್ನ ಜಂಬವೇ ಅದಾಗಿತ್ತು. ಈಗ ಕೂತಲ್ಲೇ ಕೂರುವ ಮೈಗೆ ಒಂದು ನೆರಿಗೆ ಮಡಿಕೆಬಿದ್ದು ಒತ್ತಿದರೂ ಹುಣ್ಣು. ಹಾಗಾಗಿ ಸಡಿಲ ಚೂಡಿದಾರ. ಮಲಗಿದಲ್ಲೇ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳಿಸಿ ಪ್ಯಾಂಟು ಏರಿಸಬೇಕು. ತೊಡಿಸುವ ಮುನ್ನ ಅತ್ತೆ ಪ್ರತಿ ಹೊಲಿಗೆಯನ್ನೂ ತಮ್ಮ ಕೆನ್ನೆಗೆ ಉಜ್ಜಿ ನೋಡುತ್ತಿದ್ದರು. ಚುಚ್ಚಿದರೆ ಬಿಚ್ಚಿ ಬೇರೆ ಹೊಲಿಗೆ. ಕಾಲುಚೀಲವನ್ನು ಒಳಗು ಹೊರಗು ಮಾಡಿ ಹಾಕುತ್ತಿದ್ದರು, ದಾರದ ಗಂಟು ಹೊರಗಿರಲಿ ಎಂದು. ಶೂ ಒಳಗೆ ಕೈ ಹಾಕಿ ತಡವಿ ನೋಡುತ್ತಿದ್ದರು, ಒಂದು ರಾಗಿ ಕಾಳಿದ್ದರೂ ಬೆರಳಿಗೆ ಸಿಗುತ್ತಿತ್ತು. ನಡುಮನೆಯಲ್ಲಿ ಯಾರ ಚಪ್ಪಲಿಯನ್ನೂ ಸಹಿಸದವರು, "ಇವು ಚಪ್ಪಲಿ ಅಲ್ಲ ಕಣಮ್ಮ, ಕಾಲಿನ ಬಟ್ಟೆ" ಎಂದು ದೇವರ ಮನೆಯ ಬಾಗಿಲವರೆಗೂ ಬಿಟ್ಟರು. ನನ್ನ ಚರ್ಮ ಮಾಡಬೇಕಾದ ಕೆಲಸವನ್ನು ಇನ್ನೊಬ್ಬರ ಕೆನ್ನೆ, ಇನ್ನೊಬ್ಬರ ಬೆರಳು ಮಾಡುತ್ತಿದ್ದವು. ಇಂಥದ್ದು ಲೋಕದಲ್ಲಿ ನಡೆಯುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ಬೆರಳಿನ ಚಿಂತೆ ಮಾತ್ರ ಇಬ್ಬರನ್ನೂ ಬಿಟ್ಟಿರಲಿಲ್ಲ. ದಿನವೂ ಬಟ್ಟೆ ಬಿಚ್ಚುವಾಗ ಇಬ್ಬರೂ ಉಸಿರು ಬಿಗಿಹಿಡಿಯುತ್ತಿದ್ದೆವು. ಚಳಿ ಕಳೆದು ಹೊಂಗೆ ಚಿಗುರುವ ಹೊತ್ತಿಗೆ ಒಂದು ಬೆಳಿಗ್ಗೆ ಅತ್ತೆ ಕನ್ನಡಿ ಹಿಡಿದು ಮೆಲ್ಲಗೆ, "ಇಲ್ನೋಡು" ಎಂದರು. ಕಪ್ಪಿನ ಅಂಚಿನಲ್ಲಿ ತೆಳ್ಳಗೆ, ಎಳೆಗೆಂಪಾಗಿ ಹೊಸ ಚರ್ಮ ಬಂದಿತ್ತು. ನಾನು ಆ ಕಾಲು ಸತ್ತೇಹೋಯಿತೆಂದು ತೀರ್ಮಾನಿಸಿ ಕೂತಿದ್ದೆ. ಅದು ನನಗೊಂದು ಮಾತೂ ಹೇಳದೆ ಉಗುರು ಬೆಳೆಸುತ್ತ, ಗಾಯ ಮುಚ್ಚಿಕೊಳ್ಳುತ್ತ ತನ್ನ ಪಾಡಿಗೆ ತಾನು ಬದುಕುತ್ತಿತ್ತು. ನನಗೆ ಅಳು ಬಂತು. ಅತ್ತೆ ಬೆರಳಿಗೆ ಕೈ ಮುಗಿದರು. ಬೆರಳು ಉಳಿಯಿತು, ಸ್ವಲ್ಪ ಸೊಟ್ಟಗೆ.

ಆಮೇಲೆ ಈ ಕೆಲಸವನ್ನೆಲ್ಲ ನಾನೇ ಕಲಿತೆ. ಕಾಲನ್ನು ಕೈಯಿಂದೆತ್ತಿ ಇನ್ನೊಂದು ಮಂಡಿಯ ಮೇಲಿಟ್ಟುಕೊಂಡು, ಕನ್ನಡಿ ಹಿಡಿದು, ಒರೆಸಿ, ತೊಡಿಸಿ ಶಾಲೆಗೂ ಹೋಗುತ್ತೇನೆ. ಆಗದಿರುವುದು ಒಂದೇ. ಗೌರಿ ಹಬ್ಬದ ದಿನ ಅತ್ತೆಯ ಕಾಲು ಮುಟ್ಟಿ ನಮಸ್ಕರಿಸುವುದು. ಬಗ್ಗಿದರೆ ಕುರ್ಚಿಯಿಂದ ಮುಗ್ಗರಿಸುತ್ತೇನೆ. "ಅಲ್ಲಿಂದ್ಲೇ ಕೈ ಮುಗಿ, ಸಾಕು" ಎನ್ನುತ್ತಾರೆ. ಸಾಕು ಎಂದು ನನಗೆ ಯಾವತ್ತೂ ಅನ್ನಿಸಿಲ್ಲ.

ಕನ್ನಡಿ ಹುಡುಕುತ್ತ ಇವತ್ತು ಕುರ್ಚಿ ಉರುಳಿಸಿಕೊಂಡು ಹಿತ್ತಲಿಗೆ ಹೋದೆ. ಅತ್ತೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ಕನ್ನಡಿಯನ್ನು ತಮ್ಮ ಅಂಗಾಲಿನ ಕೆಳಗೆ ಹಿಡಿದು ಬಗ್ಗಿ ನೋಡಲು ಒದ್ದಾಡುತ್ತಿದ್ದರು. ನನ್ನನ್ನು ಕಂಡು ಕಾಲನ್ನು ಸೆರಗಿನಲ್ಲಿ ಮುಚ್ಚಿಕೊಂಡರು.

"ಏನಾಯ್ತು ಅತ್ತೆ?"

"ಏನಿಲ್ಲ ಕಣಮ್ಮ. ಹಾಸಿಗೆ ಮೇಲೆ ರಕ್ತದ ಕಲೆ ಇತ್ತು. ನೋವೇನೂ ಇಲ್ಲ."

ನೋವಿಲ್ಲ ಎಂಬ ಮಾತಿಗೆ ನಾನು ಹೆದರಿದಷ್ಟು ಬೇರೆ ಯಾರೂ ಹೆದರಲಾರರು. ಅವರಿಗೆ ಸಕ್ಕರೆ ಕಾಯಿಲೆ ಬಂದು ಬಹಳ ಕಾಲವಾಗಿದೆ, ಕಾಲಿನ ಅರಿವನ್ನು ಸದ್ದಿಲ್ಲದೆ ತಿನ್ನುವ ಕಾಯಿಲೆ ಅದು. ಕುರ್ಚಿಯನ್ನು ಕಲ್ಲಿಗೆ ತಾಗಿಸಿ ನಿಲ್ಲಿಸಿದೆ.

"ಕಾಲು ಕೊಡಿ."

"ಅಯ್ಯೋ, ಬ್ಯಾಡ ಬಿಡು. ಮಣ್ಣಾಗದೆ."

"ಹಿರಿಯರ ಕಾಲು ಹಿಡಿದ್ರೆ ಪುಣ್ಯ ಅಂತೆ. ನನ್ನ ಪುಣ್ಯ ತಪ್ಪಿಸ್ಬೇಡಿ. ಅಲ್ಲಾಡ್ಬೇಡಿ."

ಸೆರಗು ಸರಿಸಿ ಕಾಲನ್ನು ಎತ್ತಿ ಕೊಟ್ಟರು. ಟವೆಲ್ ಹಾಸಿ ನನ್ನ ತೊಡೆಯ ಮೇಲಿಟ್ಟುಕೊಂಡೆ. ಹಿಮ್ಮಡಿಯ ಬಿರುಕಿನ ಪಕ್ಕದಲ್ಲಿ ಮುರಿದ ಜಾಲಿಮುಳ್ಳು, ಸುತ್ತ ಕೆಂಪು. ಕಪ್ಪೇನೂ ಇರಲಿಲ್ಲ. ಈಗಲೇ ದೊಡ್ಡಬಳ್ಳಾಪುರಕ್ಕೆ ಹೊರಟರೆ ಸಾಕು. ಮೊದಲು ತೊಳೆದು, ಬೆರಳಸಂದಿಗಳನ್ನು ಒಂದೊಂದಾಗಿ ಒರೆಸತೊಡಗಿದೆ. ನನ್ನ ಬೆರಳು ಸೋಕಿದ್ದು ಅವರ ಕಾಲಿಗೆ ಗೊತ್ತಾಗುತ್ತಿರಲಿಲ್ಲ. ಅವರ ಕಾಲಿನ ಭಾರ ನನ್ನ ತೊಡೆಗೆ ಗೊತ್ತಾಗುತ್ತಿರಲಿಲ್ಲ.

ಇನ್ನಷ್ಟು ಹತ್ತಿರದಿಂದ ನೋಡಲು ತಲೆ ಬಗ್ಗಿಸಿದೆ. ಕತ್ತಿನಲ್ಲಿದ್ದ ಬೆಳ್ಳಿ ತುಂಡುಗಳು ತಾಳಿಗೆ ತಾಗಿ ಕಿಣಿ ಎಂದವು. ಪಾದದ ಬಳಿ ಬಗ್ಗಿದ ತಲೆ ಕಂಡರೆ ಅತ್ತೆಯ ಕೈ ಸುಮ್ಮನಿರುವುದಿಲ್ಲ, ಅದು ಅವರ ಹಳೇ ರೂಢಿ. ಒದ್ದೆಯಾಗಿದ್ದ, ಒರಟಾದ ಆ ಕೈ ಬಂದು ನನ್ನ ನೆತ್ತಿಯ ಮೇಲೆ ಕೂತಿತು. ಅದು ನನಗೆ ಗೊತ್ತಾಯಿತು.