ಕೊಸರು ಬೇಡವೆಂದ ಅತಿಥಿ

ಮಂಗಳೂರಿನ ಉರ್ವ ಮಾರುಕಟ್ಟೆಯಲ್ಲಿ ಗೋಣಿ ಹಾಸಿ ತರಕಾರಿ ಮಾರಲು ಕೂತವಳು ನಾನು. ಈಗ ಊಟದ ಕಂಟ್ರಾಕ್ಟ್ ಹಿಡಿಯುತ್ತೇನೆ, ಸ್ವಂತ ಕಾರು ಓಡಿಸುತ್ತೇನೆ. ಅಲ್ಲಿಂದ ಇಲ್ಲಿಯವರೆಗೆ ಕಲಿತದ್ದನ್ನು ಯಾರು ಕೇಳಿದರೂ ಹೇಳುತ್ತೇನೆ, ಕೇಳದಿದ್ದರೂ ಹೇಳುತ್ತೇನೆ.

ನನ್ನ ಮೊದಲ ಗಿರಾಕಿಗಳಲ್ಲಿ ಒಬ್ಬರು ಕೊಡಿಯಾಲ್‌ಬೈಲಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದ ಬಾಯಮ್ಮ. ಕೊಂಕಣಿ ಮಾತಾಡುವ ಕ್ರೈಸ್ತ ಹೆಂಗಸರನ್ನು ನಮ್ಮಲ್ಲಿ ಹಾಗೆ ಕರೆಯುತ್ತೇವೆ. ಚೌಕಾಶಿಯಲ್ಲಿ ನನ್ನನ್ನು ಪಳಗಿಸಿದವರೇ ಅವರು. ತೂಕ ಮುಗಿದ ಮೇಲೂ ಚೀಲದ ಬಾಯಿ ತೆರೆದೇ ಹಿಡಿದು, "ಕೊಸರು ಹಾಕು ಮಾರಾಯ್ತಿ" ಅನ್ನುತ್ತಿದ್ದರು. ನಾನು ಎರಡು ಹಸಿಮೆಣಸು, ಒಂದು ಎಸಳು ಕರಿಬೇವಿನಸೊಪ್ಪು ಹಾಕಿದ ಮೇಲೆಯೇ ಅವರು ಹೆಜ್ಜೆ ಎತ್ತುತ್ತಿದ್ದದ್ದು.

ಬಾಯಮ್ಮನಿಗೆ ಏಷ್ಯಾದ ಬೇರೆ ಬೇರೆ ದೇಶಗಳಲ್ಲಿ ಹಳೆಯ ಸ್ನೇಹಿತರಿದ್ದರು. ಕೆಲವರು ಪ್ರೊಫೆಸರುಗಳು, ಕೆಲವರು ಸಂಘ ಕಟ್ಟಿ ಬಡವರ ನಡುವೆ ಕೆಲಸ ಮಾಡುವವರು. ಜಾಗತೀಕರಣ ತಮ್ಮ ಊರುಗಳಿಗೆ ಏನು ತಂದಿತು, ಏನನ್ನು ಒಯ್ದಿತು ಎಂದು ಆಗಾಗ ಒಂದು ಕಡೆ ಸೇರಿ ಚರ್ಚಿಸುವುದು ಅವರ ಪದ್ಧತಿ. ಈ ಸಲ ಬಾಯಮ್ಮ ಎಲ್ಲರನ್ನೂ ಮಂಗಳೂರಿಗೆ ಕರೆದಿದ್ದರು. "ಇನ್ನೊಮ್ಮೆ ಸೇರುವುದು ಸುಳ್ಳು. ಎಲ್ಲರ ಮಂಡಿಯೂ ಹೋಗಿದೆ" ಎಂದು ನಗುತ್ತಲೇ ಊಟದ ಏರ್ಪಾಡನ್ನು ನನಗೆ ಒಪ್ಪಿಸಿದರು. ದಿನಾ ಒಂದು ಪಾಯಸವನ್ನು ಕೊಸರಾಗಿ ಹಾಕಿಸಿಕೊಳ್ಳಲು ಮರೆಯಲಿಲ್ಲ.

ಎರಡನೆಯ ದಿನ ಮಧ್ಯಾಹ್ನ, ಚರ್ಚೆ ನಡೆಯುತ್ತಿದ್ದ ಕೊಡಿಯಾಲ್‌ಬೈಲಿನ ಸಭಾಂಗಣದ ಹಿಂದೆ ನಾನು ಅನ್ನ ಬಸಿಯುತ್ತಿದ್ದಾಗ ಬಾಯಮ್ಮ ಬಂದು ಮೋರಿಯ ಕಟ್ಟೆಯ ಮೇಲೆ ಕೂತುಬಿಟ್ಟರು. ಕಣ್ಣು ಕೆಂಪಾಗಿತ್ತು.

"ಎಂತ ಆಯ್ತು ಬಾಯಮ್ಮ?"

"ಎಲ್ಲ ಹಾಳಾಯ್ತು. ಅವಳು ಇವತ್ತೇ ಹೋಗ್ತಾಳಂತೆ. ಅವನ ಮುಖ ಇನ್ನು ನೋಡುವುದಿಲ್ಲವಂತೆ."

ಅವಳೆಂದರೆ ಫಿಲಿಪ್ಪೀನ್ಸಿನ ಹಿರಿಯ ಹೆಂಗಸು. ಪರರ ಮನೆಯ ಮಕ್ಕಳನ್ನು ಸಾಕಲು ತಮ್ಮ ಮಕ್ಕಳನ್ನು ಬಿಟ್ಟು ವಿದೇಶಕ್ಕೆ ಹೋದ ತಾಯಂದಿರ ಪರವಾಗಿ ಜೀವಮಾನವಿಡೀ ಓಡಾಡಿದವರು. ಅವನೆಂದರೆ ಕೊರಿಯಾದ ಪ್ರೊಫೆಸರ್. ಮುಕ್ತ ವ್ಯಾಪಾರ ಇಲ್ಲದಿದ್ದರೆ ನಮ್ಮ ದೇಶ ಹಸಿದೇ ಇರುತ್ತಿತ್ತು ಎಂದು ಅವರು ಹೇಳಿದ್ದರಂತೆ. "ಫ್ರೀ ಟ್ರೇಡ್! ಯಾರಿಗೆ ಫ್ರೀ?" ಎಂದು ಈಕೆ ಎದ್ದು ನಿಂತರಂತೆ. ಆತ ಸುಮ್ಮನಿರದೆ ನಕ್ಕರಂತೆ. ಯೌವನದಿಂದಲೂ ಜೊತೆಗಿದ್ದ ಇಬ್ಬರ ಸ್ನೇಹ ಆ ನಗುವಿನಿಂದ ಹರಿದುಹೋಗಿತ್ತು.

ನನಗೆ ಇಬ್ಬರ ಮಾತೂ ಅರ್ಥವಾಯಿತು. ನನ್ನ ಗಂಡ ಗಲ್ಫಿನಲ್ಲಿದ್ದವರು. ಮನೆಗೆ ಹೊಸ ಹೆಂಚಿನ ಮಾಡು ಬಂದದ್ದು ಆ ದುಡಿಮೆಯಿಂದ. ಮಗಳ ಮೊದಲ ಮಾತನ್ನು ಅವರು ಕೇಳದೆ ಹೋದದ್ದೂ ಅದೇ ದುಡಿಮೆಯಿಂದ. ಆದರೂ ಬಾಯಿಗೆ ಬಂದದ್ದು ವ್ಯಾಪಾರದ ಬುದ್ಧಿಯೇ.

"ಇಬ್ಬರೂ ಅರ್ಧರ್ಧ ಇಳಿಯಲಿ ಬಾಯಮ್ಮ. ನಡುವಿನಲ್ಲಿ ಕುದುರಿಸುವ."

"ಇದೆಂತ ಬದನೆಕಾಯಿಯಾ ಮಾರಾಯ್ತಿ? ಅರ್ಧರ್ಧ ಅಂತೆ! ಅವಳು ಹೀಗೇ ಹೋದರೆ ಇಬ್ಬರೂ ಸಾಯುವವರೆಗೆ ಮಾತಾಡ್ಲಿಕ್ಕಿಲ್ಲ. ನಾನು ಕರೆಸಿ ಹೀಗೆ ಆಯ್ತಲ್ಲ."

ಆಗ ನಾನು ಬೇರೆ ದಾರಿ ಹಿಡಿದೆ. ಟ್ಯಾಕ್ಸಿ ಬೇಡ, ವಿಮಾನ ನಿಲ್ದಾಣಕ್ಕೆ ನಾನೇ ಬಿಡುತ್ತೇನೆ ಎಂದೆ. ಆ ಹೆಂಗಸಿನ ಭಾರದ ಪೆಟ್ಟಿಗೆ ಮೆಟ್ಟಿಲ ಬಳಿ ಇತ್ತು. ಪ್ರೊಫೆಸರ್ ಅಲ್ಲೇ ಪೆಚ್ಚಾಗಿ ನಿಂತಿದ್ದರು. "ಸರ್, ಪ್ಲೀಸ್" ಎಂದು ಪೆಟ್ಟಿಗೆ ತೋರಿಸಿದೆ. ಎತ್ತಿ ತಂದವರನ್ನು ಹಾಗೆಯೇ ಮುಂದಿನ ಸೀಟಿಗೆ ಹತ್ತಿಸಿಬಿಟ್ಟೆ. ಹಿಂದೆ ಬಾಯಮ್ಮನೂ ಆಕೆಯೂ.

"ನಂತೂರಿನಲ್ಲಿ ಲಾರಿ ಕೆಟ್ಟು ಜಾಮ್ ಉಂಟು. ಉರ್ವದ ಮೇಲೆ ಹೋಗುವ" ಎಂದೆ. ಜಾಮ್ ಇತ್ತೋ ಇಲ್ಲವೋ ದೇವರಿಗೇ ಗೊತ್ತು.

ನಾನು ಮೊದಲು ಕೂರುತ್ತಿದ್ದ ಜಾಗದಲ್ಲಿ ಈಗ ಬೇರೊಬ್ಬಳು ವ್ಯಾಪಾರ ಮಾಡುತ್ತಾಳೆ. ಅವಳ ಮುಂದೆ ಕಾರು ನಿಲ್ಲಿಸಿ, ಎರಡೇ ನಿಮಿಷ ಎಂದು ಎಲ್ಲರನ್ನೂ ಇಳಿಸಿದೆ. ಫಿಲಿಪ್ಪೀನ್ಸಿನ ಹೆಂಗಸು ಬೇಸರದಿಂದಲೇ ಇಳಿದವರು ಒಂದು ಬುಟ್ಟಿಯ ಮುಂದೆ ನಿಂತುಬಿಟ್ಟರು. ಅದರಲ್ಲಿ ಬಿಂಬುಳಿ ಇತ್ತು, ಮೀನುಸಾರಿಗೆ ಹುಳಿಗೆಂದು ಹಾಕುವ ಹಸಿರು ಕಾಯಿ. ಅವರ ಊರಿನಲ್ಲೂ ಅದೇ ಹುಳಿಯಂತೆ. ಒಂದನ್ನು ಎತ್ತಿ ಮೂಸಿದರು. ಒಂದು ಕಟ್ಟು ಅಲಸಂಡೆ ಕೊಂಡರು. ಮಾರುವವಳು ತನ್ನಷ್ಟಕ್ಕೆ ಒಂದು ಹಿಡಿ ಬಿಂಬುಳಿ ಅವರ ಚೀಲಕ್ಕೆ ಹಾಕಿದಳು.

ನಾನು ಉತ್ಸಾಹದಿಂದ, "ಫ್ರೀ ಮ್ಯಾಡಮ್! ಫ್ರೀ!" ಎಂದೆ.

ಆ ಶಬ್ದ ಕೇಳಿದ್ದೇ ಅವರ ಮುಖ ಬಿಗಿಯಾಯಿತು. ಬಿಂಬುಳಿಯನ್ನೆಲ್ಲ ಹೆಕ್ಕಿ ಬುಟ್ಟಿಗೆ ವಾಪಸು ಹಾಕಿದರು.

"ಎಂತ ಅಕ್ಕ, ನನ್ನ ಬಿಂಬುಳಿಯಲ್ಲಿ ಹುಳ ಉಂಟಾ?" ಮಾರುವವಳು ನನ್ನ ಮೇಲೆ ಏರಿ ಬಂದಳು. "ಕೊಸರು ವಾಪಸು ಕೊಟ್ಟರೆ ಎಂತ ಅರ್ಥ? ಇನ್ನು ಈ ಕಡೆ ಕಾಲಿಡುವುದಿಲ್ಲ ಅಂತ ಅಲ್ವಾ?"

ಬಾಯಮ್ಮನೂ ನನ್ನ ಮೇಲೆಯೇ ಹರಿಹಾಯ್ದರು. "ಕೊಸರನ್ನು ಫ್ರೀ ಅಂತ ನಿನಗೆ ಯಾರು ಹೇಳಿಕೊಟ್ಟದ್ದು?"

"ಮತ್ತೆ ಇಂಗ್ಲಿಷಿನಲ್ಲಿ ಎಂತ ಹೇಳುವುದು? ನೀವೇ ಹೇಳಿ."

ಬಾಯಮ್ಮ ಒಮ್ಮೆ 'ಎಕ್ಸ್‌ಟ್ರಾ' ಅಂದರು, ತಾವೇ ತಲೆಯಾಡಿಸಿ ಬೇಡವೆಂದರು. ಕೊನೆಗೆ ಮಾರುವವಳ ಮಾತನ್ನೇ ಇಂಗ್ಲಿಷಿಗೆ ತಿರುಗಿಸಿ ಇಬ್ಬರಿಗೂ ಹೇಳಿದರು.

ಅದುವರೆಗೆ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿದ್ದ ಪ್ರೊಫೆಸರ್ ಮೆಲ್ಲಗೆ ಒಂದು ಶಬ್ದ ಹೇಳಿದರು. 'ದೊಮ್' ಎಂದಂತೆ ಕೇಳಿಸಿತು. ಅವರ ಭಾಷೆಯಲ್ಲಿ ಕೊಸರಿಗೆ ಹಾಗೆನ್ನುತ್ತಾರಂತೆ. "ನನ್ನ ಅಮ್ಮ ಸಂತೆಯಲ್ಲಿ ಮೊಳಕೆಕಾಳು ಮಾರುತ್ತಿದ್ದಳು. ಮೇಲೊಂದು ಹಿಡಿ ಹಾಕದೆ ಯಾರನ್ನೂ ಕಳಿಸಿದವಳಲ್ಲ. ಅವರು ನಾಳೆಯೂ ಬರಬೇಕಲ್ಲ" ಎಂದರು. ಆ ಹಿಡಿಯೂ ಮನೆಯ ಮಕ್ಕಳ ಪಾಲಿನದೇ ಆಗಿತ್ತು, ಆದರೂ ಹಾಕುತ್ತಿದ್ದಳು ಎನ್ನುವಾಗ ಅವರ ದನಿ ತಗ್ಗಿತು.

ಫಿಲಿಪ್ಪೀನ್ಸಿನ ಹೆಂಗಸು ಅವರನ್ನೇ ನೋಡಿದರು. "ಇಷ್ಟು ವರ್ಷ ನೀನು ಇದನ್ನು ಹೇಳಲೇ ಇಲ್ಲ."

"ನೀನು ಕೇಳಲಿಲ್ಲ."

ಆಮೇಲೆ ಆಕೆ, "ತವಾದ್" ಎಂದರು. ಆ ಮಾತು ನನಗೆ ತಿಳಿಯಲಿಲ್ಲ. ಬಾಯಮ್ಮ ನನ್ನ ಕಿವಿಯಲ್ಲಿ ವಿವರಿಸಿದರು: ಅವರ ಭಾಷೆಯಲ್ಲಿ ಸಂತೆಯಲ್ಲಿ ಬೆಲೆ ಇಳಿಸು ಎಂದು ಕೇಳುವುದಕ್ಕೂ, ನನ್ನನ್ನು ಕ್ಷಮಿಸು ಎನ್ನುವುದಕ್ಕೂ ಅದೇ ಮಾತಂತೆ.

ಪ್ರೊಫೆಸರಿಗೂ ಅದು ಗೊತ್ತಿತ್ತು ಅಂತ ಕಾಣುತ್ತದೆ. "ಎಷ್ಟು ಇಳಿಸಬೇಕು?" ಎಂದು ಕೇಳಿದರು. ಈ ಸಲ ಇಬ್ಬರೂ ನಕ್ಕರು. ನಗುನಗುತ್ತಲೇ ಆತ, "ಬೆಳಿಗ್ಗೆ ನಾನು ನಗಬಾರದಿತ್ತು" ಎಂದರು.

ಆಕೆ ಚೀಲದ ಬಾಯಿ ಅಗಲಿಸಿ ಮಾರುವವಳ ಮುಂದೆ ಹಿಡಿದರು. ಅವಳು ಸಿಟ್ಟು ಪೂರ್ತಿ ಬಿಡದೆಯೇ ಎರಡು ಹಿಡಿ ಹಾಕಿದಳು.

ಮುನಿಸಿಕೊಂಡ ಇಬ್ಬರನ್ನು ಎದುರುಬದುರು ಕೂರಿಸಬೇಡಿ, ಒಂದೇ ಚೀಲ ಹಿಡಿಸಿ ಮಾರುಕಟ್ಟೆಗೆ ಕಳಿಸಿ ಎಂದು ಈಗ ನಾನು ಎಲ್ಲರಿಗೂ ಹೇಳುತ್ತೇನೆ. ಅವತ್ತು ಮಾತ್ರ ನನಗೆ ಗಲ್ಫಿನಿಂದ ಗಂಡನ ಫೋನು ಬರುತ್ತಿದ್ದ ಶುಕ್ರವಾರಗಳು ನೆನಪಾದವು.

ಕಾರು ಹತ್ತಿದ ಮೇಲೆ ಫಿಲಿಪ್ಪೀನ್ಸಿನ ಹೆಂಗಸು ನನ್ನ ಭುಜ ತಟ್ಟಿ ಇಂಗ್ಲಿಷಿನಲ್ಲಿ ಕೇಳಿದರು: ಆ ಜಾಮ್ ಇನ್ನೂ ಇದೆಯಾ?

ಕನ್ನಡಿಯಲ್ಲಿ ಬಾಯಮ್ಮನ ಮುಖ ನೋಡಿದೆ. ಉಸಿರು ಹಿಡಿದು ಕೂತಿದ್ದರು.

"ತುಂಬಾ ಉಂಟು ಮ್ಯಾಡಮ್. ಇವತ್ತು ಏರ್‌ಪೋರ್ಟಿಗೆ ಹೋಗ್ಲಿಕ್ಕೇ ಆಗುವುದಿಲ್ಲ" ಎಂದು ಕಾರನ್ನು ಕೊಡಿಯಾಲ್‌ಬೈಲಿನ ಕಡೆಗೇ ತಿರುಗಿಸಿದೆ.